ಡಿಪ್‌ಸ್ಟಿಕ್ ತಿರುಗಿಸಿ ನೋಡಬೇಕೋ, ಸುಮ್ಮನೆ ಅದ್ದಿ ನೋಡಬೇಕೋ? (ಮೋವರ್, ಸಣ್ಣ ಎಂಜಿನ್ ಆಯಿಲ್ ಬದಲಾವಣೆ)

ಹಸಿರಂಗಳ:

ಎರಡು ಯಂತ್ರಗಳ ಬಗ್ಗೆ ಕೇಳಬೇಕಿತ್ತು, ಎರಡೂ ನಾಲ್ಕು ಸ್ಟ್ರೋಕಿನವು.

ಒಂದು, ತಳ್ಳುವ ಲಾನ್ ಮೋವರ್. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್, ಶಾಫ್ಟ್ ನೆಟ್ಟಗೆ ಕೆಳಕ್ಕೆ. ಡ್ರೈನ್ ಬೋಲ್ಟ್ ಎಲ್ಲೂ ಕಾಣಲಿಲ್ಲ, ಹಾಗಾಗಿ ಯಂತ್ರ ಓರೆ ಮಾಡಿ ಆಯಿಲ್ ತುಂಬುವ ಕೊಳವೆಯಿಂದಲೇ ಹಳೇದನ್ನು ಸುರಿದದ್ದು. ಪುಸ್ತಕದಲ್ಲಿ 0.6 ಲೀಟರ್ ಅಂತಿದೆ, 600 ಮಿ.ಲೀ. ಹಾಕಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಅದ್ದಿ ನೋಡಿದರೆ ಗೆರೆಗಿಂತ ಕೆಳಗಿತ್ತು. ಇನ್ನೊಂದು 100 ಮಿ.ಲೀ. ಸೇರಿದೆ. ಈಗ ಸ್ಟಾರ್ಟ್ ಮಾಡಿದರೆ ಬಿಳಿ-ನೀಲಿ ಹೊಗೆ, ಏರ್ ಫಿಲ್ಟರ್ ಆಯಿಲ್‌ನಲ್ಲಿ ನೆನೆದಿದೆ.

ಎರಡು, ಹೋಂಡಾ ಜಿಎಕ್ಸ್160 ಎಂಜಿನ್ ಇರುವ ವೀಡರ್ (ಕಳೆ ತೆಗೆಯುವ ಯಂತ್ರ). ಇದರಲ್ಲಿ ಡಿಪ್‌ಸ್ಟಿಕ್ ಪೂರ್ತಿ ತಿರುಗಿಸಿ ಬಿಗಿದು ತೆಗೆದರೆ ಮೇಲಿನ ಗುರುತಿನವರೆಗೂ ಆಯಿಲ್ ಇದೆ. ಆದರೂ ಸ್ವಲ್ಪ ಇಳಿಜಾರಿಗೆ ಹೋದರೆ ಎಂಜಿನ್ ತಟ್ಟನೆ ನಿಲ್ಲುತ್ತೆ. ಸಮತಟ್ಟಾದ ಜಾಗಕ್ಕೆ ತಂದರೆ ಮತ್ತೆ ಸ್ಟಾರ್ಟ್ ಆಗುತ್ತೆ.

ಮೋವರ್‌ನಲ್ಲಿ ಏನು ಹೆಚ್ಚಾಯ್ತು, ವೀಡರ್‌ನಲ್ಲಿ ಏನು ಕಡಿಮೆಯಾಯ್ತು? ಜೊತೆಗೆ, ಬೈಕಿಗೆ ಹಾಕುವ 20ಡಬ್ಲ್ಯು-40 ಇವಕ್ಕೆ ನಡೆಯುತ್ತಾ? ಹೊಸ ಎಂಜಿನ್‌ಗೆ 5 ಗಂಟೆಗೇ ಆಯಿಲ್ ಬದಲಿಸಬೇಕು ಅಂತಾರಲ್ಲ, ಅದು ನಿಜಕ್ಕೂ ಬೇಕಾ?

ನಟ್ಟು ಬೋಲ್ಟು:

ಎರಡು ತೊಂದರೆಗೂ ಕಾರಣ ಒಂದೇ, ದಿಕ್ಕು ಮಾತ್ರ ಉಲ್ಟಾ.

ಡಿಪ್‌ಸ್ಟಿಕ್ ಥ್ರೆಡ್ ಮೇಲೆ ಸುಮ್ಮನೆ ಕೂತಾಗ ಕಡ್ಡಿ ಎತ್ತರದಲ್ಲಿರುತ್ತೆ. ತಿರುಗಿಸಿ ಬಿಗಿದರೆ ಅಷ್ಟೂ ಥ್ರೆಡ್‌ನ ಉದ್ದ ಕೆಳಗಿಳಿದು ಆಯಿಲ್‌ನೊಳಗೆ ಇನ್ನಷ್ಟು ಮುಳುಗುತ್ತೆ. ಅಂದರೆ ಅದೇ ಆಯಿಲ್ ಮಟ್ಟ ಬಿಗಿದು ನೋಡಿದಾಗ ಜಾಸ್ತಿ ತೋರಿಸುತ್ತೆ, ಬಿಗಿಯದೆ ನೋಡಿದಾಗ ಕಡಿಮೆ. ಕಡ್ಡಿಯ ಮೇಲಿನ ಗುರುತನ್ನು ಎಂಜಿನ್ ತಯಾರಿಸಿದವರು ಈ ಎರಡರಲ್ಲಿ ಯಾವುದೋ ಒಂದು ವಿಧಾನಕ್ಕೆ ಲೆಕ್ಕ ಹಾಕಿ ಕೊರೆದಿರುತ್ತಾರೆ.

ಜಿಎಕ್ಸ್160ಕ್ಕೆ ಬಿಗಿಯಬಾರದು. ಒರೆಸಿ, ಕೊಳವೆಯೊಳಗೆ ಇಳಿಸಿ, ತಿರುಗಿಸದೆ ತೆಗೆದು ನೋಡಬೇಕು. ಮೋವರ್‌ಗಳಲ್ಲಿ ಬರುವ ಹೋಂಡಾ ಜಿಸಿವಿ160ಕ್ಕೂ ಇದೇ ಕ್ರಮ. ಬ್ರಿಗ್ಸ್‌ನ ಬಹಳಷ್ಟು ಮೋವರ್ ಎಂಜಿನ್‌ಗಳಿಗೆ ಪೂರ್ತಿ ಬಿಗಿದು ತೆಗೆದು ನೋಡಬೇಕು, ಆದರೆ ಬಿಗಿಯಬೇಡಿ ಅನ್ನುವ ಮಾದರಿಗಳೂ ಅವರಲ್ಲೇ ಇವೆ. ಹಾಗಾಗಿ ಕಂಪನಿ ಹೆಸರು ನೋಡಿ ನಿರ್ಧರಿಸಬೇಡಿ. ಎಂಜಿನ್ ಕವಚದ ಮೇಲೆ ಒತ್ತಿರುವ ಮಾಡೆಲ್, ಟೈಪ್, ಕೋಡ್ ಸಂಖ್ಯೆಗಳನ್ನು ಬರೆದುಕೊಂಡು ಆ ಎಂಜಿನ್‌ನದೇ ಪುಸ್ತಕ ನೋಡಿ. ಮೋವರ್ ಕಂಪನಿಯ ಪುಸ್ತಕ ಬೇರೆ, ಎಂಜಿನ್ ಪುಸ್ತಕ ಬೇರೆ.

ಮೋವರ್‌ನಲ್ಲಿ ಬಿಗಿಯದೆ ನೋಡಿದ್ದರಿಂದ ಕಡಿಮೆ ಅನ್ನಿಸಿ ಹೆಚ್ಚಿಗೆ ಹಾಕಿದ್ದೀರಿ. ಓರೆ ಮಾಡಿ ಸುರಿದಾಗ ಒಳಗೆ ಒಂದಿಷ್ಟು ಹಳೇ ಆಯಿಲ್ ಉಳಿದೇ ಉಳಿಯುತ್ತೆ, ಅದೂ ಸೇರಿತು. 0.6 ಲೀಟರ್ ಅನ್ನೋದು ಒಳಗೆ ಏನೂ ಇಲ್ಲದ ಎಂಜಿನ್‌ನ ಲೆಕ್ಕ. ವೀಡರ್‌ನಲ್ಲಿ ಬಿಗಿದು ನೋಡಿದ್ದರಿಂದ ತುಂಬಿದಂತೆ ಕಂಡಿದೆ, ನಿಜವಾಗಿ ಕಡಿಮೆ ಇದೆ. ನಿಮ್ಮದರಲ್ಲಿ ಆಯಿಲ್ ಅಲರ್ಟ್ ಇರಬೇಕು. ಅದು ಸಂಪ್ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಜಾಗ) ಒಳಗಿನ ಫ್ಲೋಟ್ ಸ್ವಿಚ್, ಆಯಿಲ್ ಇಳಿದಾಗ ಸ್ಪಾರ್ಕ್ ಕಟ್ ಮಾಡುತ್ತೆ. ಓರೆಯಾದಾಗ ಆಯಿಲ್ ಒಂದು ಕಡೆ ಸರಿದು ಫ್ಲೋಟ್ ಕೆಳಗಿಳಿಯುತ್ತೆ, ಎಂಜಿನ್ ನಿಲ್ಲುತ್ತೆ. ಸ್ವಿಚ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಅದರ ವೈರ್ ಕಿತ್ತು ಓಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಜಿಎಕ್ಸ್160ಕ್ಕೆ ಡಿಪ್‌ಸ್ಟಿಕ್ ಇಲ್ಲದೆಯೂ ನೋಡಬಹುದು. ಎಂಜಿನ್ ಸಮತಟ್ಟಾಗಿ ನಿಂತಿದ್ದರೆ, ಆಯಿಲ್ ತುಂಬುವ ರಂಧ್ರದ ಕೆಳ ಅಂಚಿಗೆ ಬಂದು ಇನ್ನೇನು ಹೊರಗೆ ಚೆಲ್ಲಬೇಕು ಅನ್ನುವ ಮಟ್ಟವೇ ಫುಲ್. ಪೂರ್ತಿ ಖಾಲಿಯಿಂದ ಸುಮಾರು 0.6 ಲೀಟರ್ ಹಿಡಿಯುತ್ತೆ. ಜಿಎಕ್ಸ್390 ಆದರೆ 1.1 ಲೀಟರ್.

ಸಮತಟ್ಟು ಅಂದರೆ ಯಂತ್ರ ನಿಂತ ನೆಲವಷ್ಟೇ ಅಲ್ಲ, ಎಂಜಿನ್. ಮೋವರ್‌ನಲ್ಲಿ ಮುಂದಿನ ಚಕ್ರ ಎತ್ತರ ಹೊಂದಿಸುವ ಒಂದು ಕಚ್ಚಿನಲ್ಲಿ, ಹಿಂದಿನದು ಇನ್ನೊಂದರಲ್ಲಿ ಇದ್ದರೆ ನೆಲ ಎಷ್ಟೇ ಸಮವಿರಲಿ ಎಂಜಿನ್ ಓರೆಯೇ. ನಾಲ್ಕೂ ಚಕ್ರ ಒಂದೇ ಎತ್ತರಕ್ಕೆ ಹಾಕಿ ಆಮೇಲೆ ಅಳೆಯಿರಿ. ವೀಡರ್‌ಗೆ ಹ್ಯಾಂಡಲ್ ಕೆಳಗೆ ಮರದ ತುಂಡು ಕೊಟ್ಟು ಎಂಜಿನ್ ಬುಡ ಸಮವಾಗಿದೆಯಾ ನೋಡಿ. ಜಿಎಕ್ಸ್ ಎಂಜಿನ್ ಕೆಲಸ ಮಾಡುವಾಗ 20 ಡಿಗ್ರಿಗಿಂತ ಹೆಚ್ಚು ವಾಲಬಾರದು, ಆಯಿಲ್ ಫುಲ್ ಇದ್ದರೂ.

ಸ್ಪ್ಯಾನರ್ ಹತ್ತು:

ಮೇಲಿನವರು ಹೇಳಿದ್ದು ಸರಿ. ಕಾರಣ ಗೊತ್ತಿದ್ದರೆ ಮುಂದೆ ತಪ್ಪುವುದಿಲ್ಲ ಅಂತ ಒಂದಿಷ್ಟು ಸೇರಿಸುತ್ತೇನೆ.

ಈ ಎಂಜಿನ್‌ಗಳಲ್ಲಿ ಆಯಿಲ್ ಪಂಪ್ ಇಲ್ಲ, ಆಯಿಲ್ ಫಿಲ್ಟರೂ ಇಲ್ಲ. ಶಾಫ್ಟ್ ಅಡ್ಡ ಇರುವ ಜಿಎಕ್ಸ್‌ನಂಥವುಗಳಲ್ಲಿ ಕನೆಕ್ಟಿಂಗ್ ರಾಡ್‌ನ (ಪಿಸ್ಟನ್‌ನಿಂದ ಕ್ರ್ಯಾಂಕ್ ಶಾಫ್ಟ್‌ಗೆ ಜೋಡಿಸುವ ರಾಡ್) ಕೆಳತುದಿಗೆ ಒಂದು ನಾಲಿಗೆ ಇರುತ್ತೆ, ಅದು ಪ್ರತಿ ಸುತ್ತಿಗೂ ಆಯಿಲ್‌ಗೆ ಬಡಿದು ಎರಚುತ್ತೆ. ನೆಟ್ಟಗಿನ ಶಾಫ್ಟ್ ಇರುವ ಮೋವರ್‌ಗಳಲ್ಲಿ ಆ ಕೆಲಸಕ್ಕೆ ರೆಕ್ಕೆಗಳಿರುವ ಸ್ಲಿಂಗರ್ ಗಿಯರ್. ಬೇರಿಂಗ್, ಕ್ಯಾಮ್, ಸಿಲಿಂಡರ್ ಗೋಡೆ ಎಲ್ಲಕ್ಕೂ ಸಿಗುವುದು ಈ ಎರಚಲೇ. ಹೀಗಾಗಿ ಮಟ್ಟವೇ ಪ್ರಧಾನ, ಬ್ರ್ಯಾಂಡ್ ಆಮೇಲಿನ ಮಾತು.

ಆಯಿಲ್ ಕಡಿಮೆಯಾದರೆ ನಾಲಿಗೆಗೆ ಸಿಗುವುದಿಲ್ಲ. ಮೊದಲು ಹೋಗುವುದು ಕನೆಕ್ಟಿಂಗ್ ರಾಡ್. ಇವುಗಳಲ್ಲಿ ಬೇರೆ ಬೇರಿಂಗ್ ಚಿಪ್ಪು ಇರುವುದಿಲ್ಲ, ಅಲ್ಯೂಮಿನಿಯಂ ರಾಡ್ ನೇರವಾಗಿ ಕ್ರ್ಯಾಂಕ್ ಪಿನ್ ಮೇಲೆಯೇ ತಿರುಗುತ್ತೆ. ಒಣಗಿದರೆ ಹಿಡಿದುಕೊಂಡು ತುಂಡಾಗಿ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಕೆಳಭಾಗದ ಕವಚ) ಗೋಡೆ ಒಡೆದು ಹೊರಬರುವುದೂ ಉಂಟು. ಹೆಚ್ಚಾದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತೆ. ನೊರೆ ಬ್ರೀದರ್ (ಕ್ರ್ಯಾಂಕ್‌ಕೇಸಿನ ಗಾಳಿ ಹೊರಬಿಡುವ ದಾರಿ) ಮೂಲಕ ಏರ್ ಫಿಲ್ಟರ್‌ಗೆ, ಅಲ್ಲಿಂದ ಕಾರ್ಬುರೇಟರ್‌ಗೆ. ನಿಮ್ಮ ಮೋವರ್‌ನ ಹೊಗೆ ಅದೇ.

ಈಗ ಮಾಡಬೇಕಾದ್ದು: ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಎಳೆದು ದೂರ ಇಡಿ. ದೊಡ್ಡ ಸಿರಿಂಜ್‌ಗೆ ತೆಳು ಪೈಪ್ ಸಿಕ್ಕಿಸಿ ಆಯಿಲ್ ಕೊಳವೆಯಿಂದ 50 ಮಿ.ಲೀ. ತೆಗೆಯಿರಿ, ಎರಡು ನಿಮಿಷ ಬಿಟ್ಟು ಅಳೆಯಿರಿ, ಬೇಕಾದರೆ ಮತ್ತೆ 50. ಹೆಚ್ಚು ತೆಗೆದು ಮತ್ತೆ ಸುರಿಯುವ ಆಟ ಬೇಡ. ಫಿಲ್ಟರ್ ಫೋಮಿನದಾದರೆ ಸೋಪು ನೀರಲ್ಲಿ ಹಿಂಡಿ ಪೂರ್ತಿ ಒಣಗಿಸಿ. ಕಾಗದದ್ದಾದರೆ ತೊಳೆಯಲಾಗದು, ಹೊಸದೇ ಹಾಕಬೇಕು. ಪ್ಲಗ್ ಬಿಚ್ಚಿ ಒರೆಸಿ. ಪ್ಲಗ್ ಹೊರಗಿದ್ದಾಗಲೇ ಹಗ್ಗವನ್ನು ನಾಲ್ಕೈದು ಸಲ ಮೆಲ್ಲಗೆ ಎಳೆದರೆ ಸಿಲಿಂಡರ್‌ಗೆ ಇಳಿದಿದ್ದ ಆಯಿಲ್ ಹೊರಬರುತ್ತೆ, ರಂಧ್ರದ ಎದುರು ಮುಖ ಇಡಬೇಡಿ. ಆಮೇಲೆ ಓಡಿಸಿದಾಗ ಸೈಲೆನ್ಸರ್ ಒಳಗೆ ಕೂತಿರುವ ಆಯಿಲ್ ಸುಟ್ಟು ಹೋಗುವವರೆಗೆ ಹೊಗೆ ಇದ್ದೇ ಇರುತ್ತೆ. ಗಾಬರಿಯಾಗಿ ನಿಲ್ಲಿಸಬೇಡಿ. ಮಟ್ಟ ಸರಿಯಿದ್ದೂ ಕಾಲು ಗಂಟೆ ಕಳೆದು ಹೊಗೆ ಹಾಗೇ ಬರುತ್ತಿದ್ದರೆ ಮಾತ್ರ ಬೇರೆ ಕಾರಣ ಹುಡುಕಿ.

ಮೋವರ್ ಓರೆ ಮಾಡುವ ಬಗ್ಗೆ. ಬ್ಲೇಡ್ ಕೈಯಲ್ಲಿ ತಿರುಗಿಸಿದರೂ ಎಂಜಿನ್ ತಿರುಗುತ್ತೆ, ಸ್ಪಾರ್ಕ್ ಬಂದರೆ ಹೊತ್ತಿಕೊಳ್ಳಬಹುದು. ಪ್ಲಗ್ ಕ್ಯಾಪ್ ತೆಗೆಯದೆ ಮೋವರ್ ಎತ್ತಲೇಬೇಡಿ. ಕೊಳವೆಯಿಂದ ಸುರಿಯುವುದಾದರೆ ಪೆಟ್ರೋಲ್ ಟ್ಯಾಂಕ್ ಖಾಲಿ ಇರಬೇಕು, ಇಲ್ಲದಿದ್ದರೆ ಮುಚ್ಚಳದ ಗಾಳಿ ರಂಧ್ರದಿಂದ ಪೆಟ್ರೋಲ್ ಸೋರುತ್ತೆ. ಸ್ಪಾರ್ಕ್ ಪ್ಲಗ್ ಮತ್ತು ಏರ್ ಫಿಲ್ಟರ್ ಇರುವ ಕಡೆ ಮೇಲಿರಬೇಕು. ಕಾರ್ಬುರೇಟರ್ ಕೆಳಗಾಗುವಂತೆ ಮಲಗಿಸಿದರೆ ಆಯಿಲ್ ಬ್ರೀದರ್‌ನಿಂದ ನೇರ ಫಿಲ್ಟರ್‌ಗೆ. ಓರೆ ಮಾಡುವುದಕ್ಕಿಂತ ಸಿರಿಂಜ್ ಅಥವಾ ಕೈಪಂಪ್‌ನಿಂದ ಹೀರುವುದು ನನಗೆ ಮೆಚ್ಚು. ತಳದಲ್ಲಿ ಸ್ವಲ್ಪ ಕಸರು ಉಳಿಯುತ್ತೆ ನಿಜ, ಆದರೆ ಇಷ್ಟೆಲ್ಲ ರಗಳೆ ಇರುವುದಿಲ್ಲ.

ಇನ್ನೊಂದು: ಡ್ರೈನ್ ಇಲ್ಲವೇ ಇಲ್ಲ ಅಂತ ತೀರ್ಮಾನಿಸುವ ಮೊದಲು ಡೆಕ್ (ಬ್ಲೇಡ್ ಮೇಲಿನ ಕವಚ) ಕೆಳಗಿಂದ ನೋಡಿ. ಎಷ್ಟೋ ಬ್ರಿಗ್ಸ್ ಎಂಜಿನ್‌ಗಳಲ್ಲಿ ಸಂಪ್ ತಳದಲ್ಲಿ, ಬ್ಲೇಡ್ ಹತ್ತಿರ, ಚೌಕ ಕುಳಿ ಇರುವ ಪ್ಲಗ್ ಇರುತ್ತೆ. ಒಣ ಹುಲ್ಲು ಮೆತ್ತಿಕೊಂಡಿದ್ದರೆ ಕಾಣುವುದಿಲ್ಲ. ಅದಕ್ಕೆ ಸಾಕೆಟ್ ಬೇಕಿಲ್ಲ, 3/8 ಇಂಚಿನ ರ‍್ಯಾಚೆಟ್‌ನ ಚೌಕ ತುದಿಯೇ ಕೂರುತ್ತೆ.

ಕಾರ್ಬುರೇಟರ್ ಕಾಕ:

ಆಯಿಲ್ ಗ್ರೇಡ್ ಮತ್ತು 5 ಗಂಟೆ ಪ್ರಶ್ನೆ ಹಾಗೇ ಉಳಿದಿದೆ, ನಾನು ಹೇಳ್ತೀನಿ.

ಇವು ಗಾಳಿಯಿಂದ ತಣಿಯುವ ಎಂಜಿನ್‌ಗಳು, ಕಾರಿನದಕ್ಕಿಂತ ಬಿಸಿ ಜಾಸ್ತಿ. ಬ್ರಿಗ್ಸ್ ಪಟ್ಟಿಯ ಪ್ರಕಾರ ಎಸ್‌ಎಇ 30 (ಆಯಿಲ್ ದಪ್ಪದ ಗ್ರೇಡ್) ಹೊರಗಿನ ತಾಪ 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಸರಿ, ಅದಕ್ಕಿಂತ ಕೆಳಗೆ ಸ್ಟಾರ್ಟಿಂಗ್ ಕಷ್ಟ. 10ಡಬ್ಲ್ಯು-30 ನಡೆಯುತ್ತೆ, ಆದರೆ 27 ಡಿಗ್ರಿ ದಾಟಿದರೆ ಆಯಿಲ್ ಖರ್ಚು ಹೆಚ್ಚಬಹುದು ಅಂತ ಅವರೇ ಬರೆದಿದ್ದಾರೆ, ಪದೇ ಪದೇ ಮಟ್ಟ ನೋಡ್ತಾ ಇರಬೇಕು. ಹೋಂಡಾದವರು ಸಾಮಾನ್ಯ ಬಳಕೆಗೆ 10ಡಬ್ಲ್ಯು-30 ಅಂತಾರೆ. ಬಿಸಿಲಲ್ಲಿ ಮಾತ್ರ ಓಡುವ ಯಂತ್ರಕ್ಕೆ ನನ್ನ ಆಯ್ಕೆ ಎಸ್‌ಎಇ 30. ಡಬ್ಬಿ ಮೇಲೆ ಗುಣಮಟ್ಟದ ಗುರುತಾದ ಎಪಿಐ ಎಸ್‌ಜೆ ಅಥವಾ ಅದಕ್ಕಿಂತ ಮುಂದಿನ ಅಕ್ಷರ (ಎಸ್‌ಎಲ್, ಎಸ್‌ಎಂ, ಎಸ್‌ಎನ್) ಇದ್ದರೆ ಸಾಕು.

ಬೈಕ್ ಆಯಿಲ್ ವಿಚಾರ: ಅದರ ಮೇಲಿನ ಜಾಸೊ ಎಂಎ ಅನ್ನೋದು ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ಗಾಗಿ. ಮೋವರ್ ಎಂಜಿನ್‌ಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ನೋಡಬೇಕಾದ್ದು ದಪ್ಪ. 10ಡಬ್ಲ್ಯು-30 ಬೈಕ್ ಆಯಿಲ್ ಧಾರಾಳವಾಗಿ ಹಾಕಿ. 20ಡಬ್ಲ್ಯು-40 ಬಿಸಿಲಲ್ಲಿ ಎಂಜಿನ್‌ನ ಏನೂ ಕೆಡಿಸಲ್ಲ, ಆದರೆ ಚಳಿಯ ಬೆಳಿಗ್ಗೆ ಗಟ್ಟಿಯಾಗಿದ್ದು ಹಗ್ಗವೂ ಭಾರ, ಎರಚಲೂ ತಡ. ಬೇರೆ ಸಿಗದಿದ್ದಾಗ ಮಾತ್ರ. ಟೂ ಸ್ಟ್ರೋಕ್ ಆಯಿಲ್ ಮಾತ್ರ ಸಂಪ್‌ಗೆ ಯಾವತ್ತೂ ಬೇಡ, ಅದು ಪೆಟ್ರೋಲ್ ಜೊತೆ ಸುಟ್ಟು ಹೋಗೋದಕ್ಕೆ ಮಾಡಿದ್ದು.

ಮೊದಲ ಬದಲಾವಣೆ ಖಂಡಿತ ಬೇಕು. ಹೊಸ ರಿಂಗ್ ಸಿಲಿಂಡರ್‌ಗೆ ಹೊಂದಿಕೊಳ್ಳುವಾಗ ಉದುರೋ ಲೋಹದ ಪುಡಿ ಎಲ್ಲ ಸಂಪ್‌ನಲ್ಲೇ ಸುತ್ತುತ್ತಾ ಇರುತ್ತೆ. ಹಿಡಿಯೋಕೆ ಫಿಲ್ಟರ್ ಇಲ್ಲ ಅಂತ ಆಗಲೇ ಹೇಳಿದಾರೆ. ಬ್ರಿಗ್ಸ್ ಮೋವರ್ ಎಂಜಿನ್‌ಗೆ ಮೊದಲ 5 ಗಂಟೆ, ಆಮೇಲೆ 50 ಗಂಟೆ ಅಥವಾ ವರ್ಷಕ್ಕೊಮ್ಮೆ. ಜಿಎಕ್ಸ್160ಕ್ಕೆ ಮೊದಲ ತಿಂಗಳು ಅಥವಾ 20 ಗಂಟೆ, ಆಮೇಲೆ 6 ತಿಂಗಳು ಅಥವಾ 100 ಗಂಟೆ, ಯಾವುದು ಮೊದಲೋ ಅದು. ಧೂಳು, ಬಿರುಬಿಸಿಲು, ಭಾರದ ಕೆಲಸ ಇದ್ದರೆ ಇದರಲ್ಲಿ ಅರ್ಧ ಅಂತ ಇಟ್ಕೊಳ್ಳಿ. ಮೊದಲ ಸಲ ಸುರಿದ ಆಯಿಲ್ ಬಿಸಿಲಿಗೆ ಹಿಡಿದರೆ ಬೆಳ್ಳಿ ಬಣ್ಣ ಹಚ್ಚಿದ ಹಾಗೆ ಮಿನುಗುತ್ತೆ, ಅದು ಸಹಜ. ಬೆರಳಿಗೆ ಸಿಗೋಷ್ಟು ದೊಡ್ಡ ಚೂರು ಬಂದರೆ ಸಹಜ ಅಲ್ಲ.

ಗಂಟೆ ಮೀಟರ್ ಇಲ್ಲದಿದ್ದರೆ ಟ್ಯಾಂಕ್ ಲೆಕ್ಕ ಇಡಿ. ಜಿಎಕ್ಸ್160 ಟ್ಯಾಂಕ್ 3.1 ಲೀಟರ್, ಪೂರ್ತಿ ಲೋಡ್‌ನಲ್ಲಿ ಗಂಟೆಗೆ ಸುಮಾರು 1.4 ಲೀಟರ್ ಕುಡಿಯುತ್ತೆ. ಅಂದರೆ ಒಂದು ಟ್ಯಾಂಕ್‌ಗೆ ಎರಡು ಗಂಟೆಗೆ ಸ್ವಲ್ಪ ಮೇಲೆ. 45 ಟ್ಯಾಂಕ್ ಆದರೆ 100 ಗಂಟೆ ಆಯ್ತು ಅಂತ ಲೆಕ್ಕ.

ಬ್ರಿಗ್ಸ್‌ನ ಇಎಕ್ಸ್‌ಐ ಸರಣಿಯ ಕೆಲವು ಎಂಜಿನ್‌ಗೆ ಆಯಿಲ್ ಬದಲಿಸೋದೇ ಬೇಡ, ನೋಡಿ ಕಡಿಮೆಯಾದಷ್ಟು ಹಾಕಿದರೆ ಸಾಕು ಅಂತ ಕಂಪನಿಯೇ ಹೇಳುತ್ತೆ. ಹೇಳಲಿ ಪಾಪ. ಕಪ್ಪಗಾಗಿ ಸುಟ್ಟ ವಾಸನೆ ಬರ್ತಿರೋ ಆಯಿಲ್ ಒಳಗೇ ಬಿಡೋಕೆ ನನಗಂತೂ ಮನಸ್ಸು ಒಪ್ಪಲ್ಲ. ಅರ್ಧ ಲೀಟರ್ ಚಿಲ್ಲರೆ ಆಯಿಲ್ ತಾನೇ.

ಹಸಿರಂಗಳ:

ಎಲ್ಲರಿಗೂ ಧನ್ಯವಾದ. ವೀಡರ್‌ಗೆ ಬಿಗಿಯದೆ ಅಳೆದಾಗ ಕಡ್ಡಿಯ ತುದಿಗೆ ಮಾತ್ರ ಆಯಿಲ್ ಅಂಟಿತು. ಸುಮಾರು 200 ಮಿ.ಲೀ. ಹಿಡಿಯಿತು, ಈಗ ಇಳಿಜಾರಲ್ಲಿ ನಿಲ್ಲುತ್ತಿಲ್ಲ. ಮೋವರ್ ಎಂಜಿನ್‌ನ ಪುಸ್ತಕದಲ್ಲಿ ಬಿಗಿದು ನೋಡಿ ಅಂತಲೇ ಇದೆ. 150 ಮಿ.ಲೀ. ತೆಗೆದ ಮೇಲೆ ಮಟ್ಟ ಸರಿಯಾಗಿದೆ, ಹೊಗೆಯೂ ನಿಂತಿದೆ.

ಇನ್ನೆರಡು ಸಂದೇಹ. ಜಿಎಕ್ಸ್ ಡ್ರೈನ್ ಬೋಲ್ಟ್ ಸುತ್ತ ಸಣ್ಣಗೆ ಆಯಿಲ್ ಒಸರುತ್ತಿದೆ, ಇನ್ನೂ ಬಿಗಿ ಮಾಡಬಹುದಾ? ಮತ್ತೆ, ಏನೂ ಹಾಕದೆಯೇ ಆಯಿಲ್ ಮಟ್ಟ ಏರುವುದುಂಟಾ? ಹಳೇ ಪಂಪ್‌ಸೆಟ್ ಒಂದರಲ್ಲಿ ಹಾಗೆ ಕಾಣುತ್ತಿದೆ.

ಸ್ಪ್ಯಾನರ್ ಹತ್ತು:

ಬಿಗಿ ಮಾಡಬೇಡಿ. ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ಜಗಳದಲ್ಲಿ ಸೋಲುವುದು ಕ್ರ್ಯಾಂಕ್‌ಕೇಸಿನ ಥ್ರೆಡ್. ಒಸರುವುದು ಸಾಮಾನ್ಯವಾಗಿ ವಾಷರ್‌ನಿಂದ. ಒಮ್ಮೆ ಅಮುಕಿ ಚಪ್ಪಟೆಯಾದ ವಾಷರ್ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಹೊಸದು ಹಾಕಿ, ಎರಡೂ ಮುಖ ಒರೆಸಿ, ಬೋಲ್ಟ್ ಮೊದಲು ಕೈಬೆರಳಲ್ಲೇ ಪೂರ್ತಿ ಒಳಗೆ ಹೋಗುವಂತೆ ತಿರುಗಿಸಿ, ಕೊನೆಗೆ ಸ್ಪ್ಯಾನರ್. 20 ನ್ಯೂಟನ್ ಮೀಟರ್ ಆಸುಪಾಸು ಸಾಕು. ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಗಿಡ್ಡ ಸ್ಪ್ಯಾನರ್ ಬಳಸಿ, ಉದ್ದದ್ದು ಹಿಡಿದರೆ ಕೈಗೆ ಅಂದಾಜು ಸಿಗುವುದಿಲ್ಲ. ಟೆಫ್ಲಾನ್ ಟೇಪ್ ಸುತ್ತುವ ಉಪಾಯ ಬೇಡ, ಚೂರುಗಳು ಒಳಗೆ ಹೋಗುತ್ತವೆ.

ಥ್ರೆಡ್ ಈಗಾಗಲೇ ಸಡಿಲವಾಗಿದ್ದರೆ ಚಿಂತೆ ಬೇಡ, ಜಿಎಕ್ಸ್160ಕ್ಕೆ ಮುಂದೊಂದು ಹಿಂದೊಂದು, ಎರಡು ಡ್ರೈನ್ ಬೋಲ್ಟ್ ಇವೆ. ಹಾಳಾದದ್ದಕ್ಕೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಹಾಕಿಸಿ, ಮುಂದೆ ಇನ್ನೊಂದರಿಂದ ಸುರಿಯಿರಿ. ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕುವಾಗ ಅದರ ತೋಡುಗಳಿಗೆ ಗ್ರೀಸ್ ಬಳಿದರೆ ಪುಡಿ ಅಂಟಿಕೊಂಡು ಹೊರಬರುತ್ತೆ. ಆಮೇಲೆ ಒಂದಿಷ್ಟು ಅಗ್ಗದ ಆಯಿಲ್ ಸುರಿದು ತೊಳೆದು ಬಿಡಿ.

ಆಯಿಲ್ ಯಾವಾಗಲೂ ಎಂಜಿನ್ ಬೆಚ್ಚಗಿದ್ದಾಗ ಬದಲಿಸಿ. ಐದು ನಿಮಿಷ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟರೆ ಕೊಳೆ ಆಯಿಲ್ ಜೊತೆಗೇ ಇಳಿಯುತ್ತೆ, ಕೈಯೂ ಸುಡುವುದಿಲ್ಲ. ತುಂಬುವಾಗ ಮೊದಲು ಮುಕ್ಕಾಲು ಪಾಲು, ಅಂದರೆ ಸುಮಾರು 450 ಮಿ.ಲೀ., ಎರಡು ನಿಮಿಷ ಬಿಟ್ಟು ಅಳತೆ, ಉಳಿದದ್ದು ಸ್ವಲ್ಪ ಸ್ವಲ್ಪವೇ. ಹಳೇ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ, ಗ್ಲೌಸ್ ಇರಲಿ. ಮಣ್ಣಿಗೋ ಚರಂಡಿಗೋ ಸುರಿಯದೆ ಮುಚ್ಚಳ ಇರುವ ಡಬ್ಬಿಯಲ್ಲಿ ಮರುಬಳಕೆಗೆ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಕಾರ್ಬುರೇಟರ್ ಕಾಕ:

ಆಯಿಲ್ ಮಟ್ಟ ತಾನಾಗೇ ಏರಿದರೆ ಅದು ಆಯಿಲ್ ಅಲ್ಲ, ಪೆಟ್ರೋಲ್. ಕಡ್ಡಿ ಮೂಗಿನ ಹತ್ತಿರ ಹಿಡಿದರೆ ಗೊತ್ತಾಗುತ್ತೆ, ಬೆರಳಲ್ಲಿ ಉಜ್ಜಿದರೆ ನೀರಾಗಿರುತ್ತೆ. ಕಾರ್ಬುರೇಟರ್‌ಗೆ ಬರೋ ಪೆಟ್ರೋಲ್ ತಡೆಯೋ ಫ್ಲೋಟ್ ನೀಡಲ್ ಸರಿಯಾಗಿ ಮುಚ್ತಾ ಇಲ್ಲ. ನಡುವೆ ಕಸ ಕೂತಿರಬೇಕು, ಇಲ್ಲ ನೀಡಲ್ ತುದಿ ಸವೆದಿರಬೇಕು. ಟ್ಯಾಂಕ್ ಮೇಲಿದೆ, ಕಾರ್ಬುರೇಟರ್ ಕೆಳಗಿದೆ, ರಾತ್ರಿಯಿಡೀ ಹನಿ ಹನಿಯಾಗಿ ಸಿಲಿಂಡರ್‌ಗೆ ಇಳಿದು ರಿಂಗ್ ಸಂದಿಯಿಂದ ಸಂಪ್ ಸೇರುತ್ತೆ. ಹೀಗಿರುವಾಗ ಒಂದು ನಿಮಿಷವೂ ಓಡಿಸಬೇಡಿ. ತೆಳುವಾದ ಆಯಿಲ್ ರಾಡ್ ಉಳಿಸಲ್ಲ, ಬ್ರೀದರ್‌ನಿಂದ ಬರೋ ಪೆಟ್ರೋಲ್ ಆವಿ ಬೆಂಕಿಗೆ ದಾರಿ. ಹಗ್ಗ ಎಳೆಯೋಕೇ ಬರದಷ್ಟು ಬಿಗಿಯಾಗಿದ್ದರೆ ಸಿಲಿಂಡರ್ ಒಳಗೇ ಪೆಟ್ರೋಲ್ ನಿಂತಿದೆ, ಪ್ಲಗ್ ಬಿಚ್ಚದೆ ಎಳೆಯಬೇಡಿ. ಮೊದಲು ನೀಡಲ್ ಮತ್ತು ಬೌಲ್ ಸರಿಮಾಡಿ, ಆಮೇಲೆ ಹೊಸ ಆಯಿಲ್. ಉಲ್ಟಾ ಮಾಡಿದರೆ ಹೊಸ ಆಯಿಲ್ ಕೂಡ ಮರುದಿನ ಅದೇ ಗತಿ. ಕೆಲಸ ಮುಗಿದ ಕೂಡಲೇ ಪೆಟ್ರೋಲ್ ಕಾಕ್ ಮುಚ್ಚೋ ಅಭ್ಯಾಸ ಇದ್ದರೆ ಈ ತೊಂದರೆ ಬರೋದೇ ಅಪರೂಪ.

ಆಯಿಲ್ ಹಾಲು ಬೆರೆಸಿದ ಹಾಗೆ ಬಿಳಿಚಿದ್ದರೆ ಅದು ನೀರು. ದಿನಕ್ಕೆ ಐದೇ ನಿಮಿಷ ಓಡಿಸಿ ನಿಲ್ಲಿಸೋ ಎಂಜಿನ್ ಪೂರ್ತಿ ಬಿಸಿಯಾಗಲ್ಲ, ಒಳಗಿನ ತೇವ ಹಾರಿ ಹೋಗಲ್ಲ. ಬದಲಿಸಿ, ಮುಂದೆ ಅರ್ಧ ಗಂಟೆಯಾದರೂ ಒಂದೇ ಸಮ ಓಡಿಸಿ.

ನಟ್ಟು ಬೋಲ್ಟು:

ಬ್ರಷ್ ಕಟರ್ ಇಟ್ಟುಕೊಂಡವರಿಗೆ ಒಂದು ಮಾತು, ಅಲ್ಲಿ ಗೊಂದಲ ಇದಕ್ಕಿಂತ ಹೆಚ್ಚು. ಹೋಂಡಾ ಜಿಎಕ್ಸ್35ಕ್ಕೆ ಸಂಪ್ ಇದೆ, ಆಯಿಲ್ ಬರೀ 100 ಮಿ.ಲೀ. ಜಿಎಕ್ಸ್25ಕ್ಕೆ 80. ಇಷ್ಟು ಕಡಿಮೆ ಇರುವಲ್ಲಿ 20 ಮಿ.ಲೀ. ವ್ಯತ್ಯಾಸವೂ ದೊಡ್ಡದು, ಸಿರಿಂಜ್‌ನಲ್ಲೇ ಅಳೆದು ಹಾಕಿ. ಸ್ಟಿಲ್‌ನ 4-ಮಿಕ್ಸ್ ಎಂಜಿನ್ ನಾಲ್ಕು ಸ್ಟ್ರೋಕಿನದೇ ಆದರೂ ಅದರಲ್ಲಿ ಸಂಪ್ ಇಲ್ಲ, ಬದಲಿಸುವ ಆಯಿಲ್ಲೂ ಇಲ್ಲ. ಪೆಟ್ರೋಲ್‌ಗೇ 50ಕ್ಕೆ 1ರಂತೆ, ಅಂದರೆ ಲೀಟರ್‌ಗೆ 20 ಮಿ.ಲೀ., ಟೂ ಸ್ಟ್ರೋಕ್ ಆಯಿಲ್ ಬೆರೆಸಬೇಕು. ನಾಲ್ಕು ಸ್ಟ್ರೋಕ್ ಅಂತ ಬರೆದಿದೆಯಲ್ಲ ಅಂತ ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಹೆಚ್ಚು ಹೊತ್ತು ಬಾಳುವುದಿಲ್ಲ.

ವೀಡರ್, ಪಂಪ್‌ಗಳಲ್ಲಿ ಎಂಜಿನ್‌ಗೆ ಅಂಟಿಕೊಂಡ ಗಿಯರ್ ಡಬ್ಬಿ ಇದ್ದರೆ ಅದನ್ನೂ ನೋಡಿ. ಜಿಎಕ್ಸ್160ರ ಆಟೋಮ್ಯಾಟಿಕ್ ಕ್ಲಚ್ ಇರುವ 1/2 ರಿಡಕ್ಷನ್ (ವೇಗ ಅರ್ಧಕ್ಕಿಳಿಸುವ) ಕೇಸ್‌ಗೆ ಬೇರೆಯೇ 0.5 ಲೀಟರ್ ಆಯಿಲ್ ಬೇಕು, ಬೇರೆ ಮುಚ್ಚಳ, ಬೇರೆ ಡಿಪ್‌ಸ್ಟಿಕ್. ಎಂಜಿನ್ ಆಯಿಲ್ ಬದಲಿಸಿದಾಗ ಅದು ಬದಲಾಗುವುದಿಲ್ಲ.